ಕಲ್ಯಾಣಕ್ಕನ ಕೊಳ್ಳಿಹೂ

ಕಲ್ಯಾಣಕ್ಕ ಒಬ್ಬರ ಮೇಲೆ ಕೈಯೆತ್ತಿದ್ದನ್ನು ನಾನು ಕಂಡದ್ದು ಒಂದೇ ಸಲ. ಆ ಪೆಟ್ಟಿಗೆ ಅವರ ಅಣ್ಣನ ಬಲಗೈ ಮುರಿಯಿತು.

ಐವತ್ತರ ದಶಕದ ಕೊನೆಗೆ ಮೈಸೂರು ಕಡೆಯಿಂದ ಸಿದ್ಧಕಟ್ಟೆಗೆ ಟೀಚರಾಗಿ ಬಂದ ನಾನು ಅವರ ಮನೆಯ ಹೊರಕೋಣೆಯಲ್ಲಿದ್ದೆ. ನನಗೆ ತುಳು ಬಾರದೆಂದು ಅವರು ನನ್ನೊಡನೆ ನಿಧಾನವಾಗಿ, ಪಾಠ ಒಪ್ಪಿಸುವವರಂತೆ ಕನ್ನಡ ಆಡುತ್ತಿದ್ದರು. ಅಳಿಯಕಟ್ಟಿನ ಪದ್ಧತಿಯಂತೆ ಮದುವೆಯಾದ ಮೇಲೂ ಅವರು ತವರಿನಲ್ಲೇ ಇದ್ದರು; ಮನೆಯ ಯಜಮಾನಿಕೆ ಅಣ್ಣ ಸಂಕಪ್ಪ ಶೆಟ್ಟರದ್ದು. ಸಾರಿಗೆ ಉಪ್ಪು ಹೆಚ್ಚಾದರೆ ಬಟ್ಟಲು ಗೋಡೆಗೆ ಅಪ್ಪಳಿಸುತ್ತಿತ್ತು. ಗದ್ದೆಯಲ್ಲಿ ಮಲಗಿಬಿಟ್ಟ ಕೋಣನನ್ನು ಬೆನ್ನು ಸುಲಿಯುವ ತನಕ ಬಡಿದದ್ದನ್ನೂ ನೋಡಿದ್ದೇನೆ. ಆಗೆಲ್ಲ ಕಲ್ಯಾಣಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳದ ಮೂಲೆಗೆ ಹೋಗಿ ಮಣ್ಣು ಕೆದಕುತ್ತ ಕೂರುತ್ತಿದ್ದರು.

ಅಲ್ಲಿದ್ದದ್ದು ಮಡಿಕೇರಿಯ ನೆಂಟರು ತಂದುಕೊಟ್ಟ ಗಡ್ಡೆಗಳು. ಹುಲ್ಲಿನಂಥ ಉದ್ದ ಎಲೆ, ನಡುವೆ ನೆಟ್ಟಗೆ ಏಳುವ ದಂಟು, ತುದಿಯಲ್ಲಿ ಕೆಂಪು ಹಳದಿ ಗೊಂಚಲು. ಒಲೆಯಿಂದೆಳೆದ ಕೊಳ್ಳಿಯ ಹಾಗಿದೆಯೆಂದು ಅವರೇ ಅದಕ್ಕೆ ಕೊಳ್ಳಿಹೂ ಎಂದು ಹೆಸರಿಟ್ಟರು. ಎರಡು ಮಳೆಗಾಲ ಬುಡ ಕೊಳೆಯಿತು. ಮೂರನೆಯ ವರ್ಷ ಮುರಕಲ್ಲಿನ ಪುಡಿ, ಹೊಳೆಯ ಮರಳು ಸೇರಿಸಿ ದಿಣ್ಣೆ ಮಾಡಿ, ಮಳೆ ತಾಗದಂತೆ ಅಡಿಕೆ ಹಾಳೆ ಮುಚ್ಚಿದರು. ನಾಲ್ಕು ಗಿಡ ಉಳಿದವು. ಚಳಿಗಾಲಕ್ಕೆ ಒಂದು ದಂಟು ಎದ್ದಿತು.

"ದೇವರಿಗೂ ಆಗುದಿಲ್ಲ, ತಲೆಗೂ ಆಗುದಿಲ್ಲ. ಕಿತ್ತು ಬಿಸಾಡು," ಎಂದರು ಶೆಟ್ಟರು.

"ನೋಡ್ಲಿಕ್ಕೆ ಆಗ್ತದಲ್ಲ ಅಣ್ಣ. ನನಗೆ ಅಷ್ಟು ಸಾಕು."

ಮರುದಿನ ಬೆಳಿಗ್ಗೆ ಶೆಟ್ಟರು ಕೆಲಸದಾಕೆ ತನಿಯಾರುವಿಗೆ ಗಿಡ ಕೀಳಲು ಹೇಳಿದರು. "ಅಕ್ಕನ ಹತ್ರ ಒಂದು ಮಾತು ಕೇಳಿ ಕೀಳ್ತೇನೆ ಧನಿ," ಎಂದಳು ಅವಳು. ಅಷ್ಟಕ್ಕೇ ಶೆಟ್ಟರು ಬೇಲಿಯ ಗೂಟ ಕಿತ್ತು ಅವಳ ಮುಖಕ್ಕೆ ಬಾರಿಸಿದರು. ಕಣ್ಣು ಒಡೆದು ರಕ್ತ ಸೆರಗಿಗೆ ಇಳಿಯಿತು. ಬಿದ್ದವಳ ಮೇಲೆ ಮತ್ತೆ ಗೂಟ ಎತ್ತಿದರು. ನಾನು ಹೊರಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಕಲ್ಯಾಣಕ್ಕ ಹಾರೆ ಹಿಡಿದು ಓಡಿಬಂದರು. ಮೂಳೆ ಮುರಿದ ಸದ್ದು ನನ್ನವರೆಗೂ ಕೇಳಿತು.

"ಇನ್ನೊಮ್ಮೆ ಎತ್ತಿದರೆ ತಲೆಗೇ ಹೊಡೀತೇನೆ," ಎಂದರು. ಸ್ವರ ಏರಲಿಲ್ಲ.

ಬಂಟ್ವಾಳದ ಡಾಕ್ಟರಿಗೆ ತನಿಯಾರುವಿನ ಕಣ್ಣು ಉಳಿಸಲಾಗಲಿಲ್ಲ. ಕುಟುಂಬದ ಹಿರಿಯರು ಸೇರಿ, ಯಜಮಾನನ ಕಾಲು ಹಿಡಿಯಬೇಕೆಂದು ಕಲ್ಯಾಣಕ್ಕನಿಗೆ ಹೇಳಿದರು.

"ಅವಳ ಕಣ್ಣು ತಂದು ಕೊಡ್ಲಿ. ಹಿಡೀತೇನೆ."

ಆ ವಾರವೇ ಅವರು ತನಿಯಾರುವನ್ನು ಕರೆದುಕೊಂಡು ತಮ್ಮ ಗಂಡನಿದ್ದ ಮುಂಡಾಜೆಗೆ ಹೋದರು. ಶೆಟ್ಟರು ಎಡಗೈಯಲ್ಲೇ ಗಿಡಗಳನ್ನು ಕೊಚ್ಚಿ, ತರಗೆಲೆ ಒಟ್ಟಿ ಸುಟ್ಟರು. ಬೂದಿ ಕೆದಕಿದಾಗ ನನಗೊಂದು ಮರಿಗಡ್ಡೆ ಸಿಕ್ಕಿತು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡೆ.

ಕೆಲವೇ ವಾರಗಳಲ್ಲಿ ಮೂಡುಬಿದಿರೆಗೆ ವರ್ಗವಾದಾಗ, ಹೊರಡುವ ಮೊದಲು ಅದನ್ನು ಮುಂಡಾಜೆಗೆ ಒಯ್ದು ಕೊಟ್ಟೆ. ಅದೇ ಕೊನೆಯ ಭೇಟಿ. ಕಲ್ಯಾಣಕ್ಕ, ತನಿಯಾರು ಇಬ್ಬರೂ ಸೇರಿ ಕೂಡಲೇ ಗುಂಡಿ ತೋಡಿದರು. ಕಲ್ಯಾಣಕ್ಕ ಸೊರಗಿದ್ದರು.

"ಅಣ್ಣನಿಗೆ ಹೊಡೆದದ್ದಕ್ಕೆ ಬೇಸರ ಉಂಟಾ?" ಎಂದು ಕೇಳಿದೆ.

ಅವರು ಗಡ್ಡೆಯ ಸುತ್ತ ಮಣ್ಣು ಒತ್ತುತ್ತ ತನಿಯಾರುವಿನ ಕಡೆ ನೋಡಿದರು.

"ಬೇಸರ ಉಂಟು ಟೀಚರೇ. ಒಂದು ಪೆಟ್ಟಿನಷ್ಟು ತಡ ಮಾಡಿದೆ."