ಸೂಜಿ ಮಾಡದ ಡಾಕ್ಟರಮ್ಮ

ಸಂಗಮ್ಮಾ, ರಾಯಚೂರಿನ ಡಾಕ್ಟರಮ್ಮ ನಿನ್ನನ್ನು ಬರಬೇಡ ಎಂದಿರಲಿಲ್ಲ. ಆ ಮಾತನ್ನು ಹುಟ್ಟಿಸಿದವನು ನಾನು, ನಿನ್ನ ಒಡಹುಟ್ಟಿದ ಅಣ್ಣ. ಇಷ್ಟು ವರ್ಷ ನೀನು ಆ ತಾಯಿಯನ್ನು ಶಪಿಸಿದೆ. ನಾನು ಕೇಳುತ್ತಾ ಕುಳಿತೆ — ಸುಮ್ಮನೆ, ಹೇಡಿಯ ಹಾಗೆ.

ಆಗ, ನಿನ್ನ ಮದುವೆಗೆ ಮುಂಚೆ, ನೀನು ಮಾನ್ವಿಯಲ್ಲಿ ನನ್ನ ಮನೆಯಲ್ಲಿದ್ದೆ. ಸೈಕಲ್ ಅಂಗಡಿ ಮುಚ್ಚಿ ನಾನು ಬರುವುದು ತುಸು ತಡವಾದರೂ ನಿನ್ನನ್ನು ಬಿಟ್ಟೇ ಹೋದೆನೆಂದು ನೀನು ತಿಳಿಯುತ್ತಿದ್ದೆ. ಊಟದ ಗಂಗಾಳ ಎಸೆಯುತ್ತಿದ್ದೆ, ಕೈ ಕೊಯ್ದುಕೊಳ್ಳುತ್ತಿದ್ದೆ. ಬೆಳಿಗ್ಗೆ ನಾನು ನಿನಗೆ ದೇವರು, ಮಧ್ಯಾಹ್ನ ವೈರಿ. ಓಣಿಯವರು ಗಾಳಿ ಸೋಕಿದೆ ಎಂದರು. ನಾನು ನಾಟಕ ಎಂದೆ. ಹತ್ತಿ ತುಂಬುವ ಕೋಣೆಗೆ ನಿನ್ನನ್ನು ನೂಕಿ ಹೊರಗಿನಿಂದ ಚಿಲಕ ಹಾಕಿದೆ. ಒಂಟಿಯಾಗಲು ಅಂಜುವವಳನ್ನು ಒಂಟಿ ಮಾಡಿ ಕೂಡಿಹಾಕುವುದು — ಎಂಥ ಬುದ್ಧಿ ನನ್ನದು!

ಯಾರೋ ಹೇಳಿದರೆಂದು ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಅವರು ನಿನ್ನನ್ನು ಕೂರಿಸಿಕೊಂಡು ಮಾತಾಡಿಸಿದರು, ಅಷ್ಟೇ. ಅವರು ಹೊರಗೆ ಬಂದಾಗ ನಾನು ಕೇಳಿದೆ, "ಸೂಜಿ ಮಾಡ್ಲಿಲ್ಲೇನ್ರೀ?"

"ಇದಕ್ಕ ಸೂಜಿ ಇಲ್ರೀ. ಮಾತೇ ಔಷಧ. ತಡ ಆಗ್ತದ, ಆದ್ರ ಆಗ್ತದ. ವಾರಾ ವಾರಾ ಕರ್ಕೊಂಡ್ ಬರ್ರಿ."

ಬಸ್ಸಿನಲ್ಲಿ ಪೋತ್ನಾಳದ ಪರಿಚಯದವನೊಬ್ಬ ನಕ್ಕ. "ಬರೇ ಮಾತಾಡಾಕ ರಾಯಚೂರಿಗಿ ಹೋಗೀರೇನಲೇ? ನಿಮ್ಮ ಓಣ್ಯಾಗ ಬಾಯಿ ಇದ್ದವ್ರು ಇಲ್ಲೇನು?" ನಾನೂ ನಕ್ಕೆ. ನಿನ್ನ ಮುಂದೆಯೇ ನಕ್ಕೆ.

ಆದರೂ ವಾರಾ ವಾರಾ ಹೋದೆವು. ನೀನು ಬದಲಾಗತೊಡಗಿದೆ — ಇದನ್ನು ನಾನು ಯಾರಿಗೂ ಹೇಳಿಲ್ಲ, ನಿನಗೂ ಹೇಳಿಲ್ಲ. ಒಮ್ಮೆ ನಾನು ಸಂತೆಯಿಂದ ಬಹಳ ತಡವಾಗಿ ಬಂದೆ. ಗಂಗಾಳ ಎಸೆಯುತ್ತೀ ಎಂದುಕೊಂಡೆ. ನೀನು ಹೊಸ್ತಿಲ ಮೇಲೆ ನಡುಗುತ್ತಾ ಕುಳಿತಿದ್ದೆ. "ಅಣ್ಣಾ, ನೀ ಬಿಟ್ಟು ಹೋದಿ ಅಂತ ಅಂಜಿಕಿ ಬಂದಿತ್ತು. ಅಂಜಿಕಿಗಿ ಅಂಜಿಕಿ ಅಂತ ಹೆಸರಿಟ್ಟು ಕುಂತೆ. ಈಗ ಇಳಿಯಾಕತ್ತೈತಿ" ಎಂದೆ. ನಾನು ನಿನ್ನ ಕೈ ನೋಡಿದೆ. ಹೊಸ ಗಾಯ ಇರಲಿಲ್ಲ. ಸಂತೋಷಪಡಬೇಕಾಗಿತ್ತಲ್ಲವೇ ನಾನು?

ಮರುವಾರ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. ನೀನು ನೆಲ ನೋಡುತ್ತಿರಲಿಲ್ಲ, ನನ್ನನ್ನೇ ನೋಡಿದೆ. "ಅಣ್ಣಾ, ನನ್ನ ಕ್ವಾಣ್ಯಾಗ ಹಾಕಿ ಚಿಲಕ ಹಾಕಬ್ಯಾಡ. ಆವಾಗ ನನಗ ಸಾಯಬೇಕು ಅನಸ್ತದ" ಎಂದೆ. ಕೂಗಲಿಲ್ಲ, ಅಳಲಿಲ್ಲ. ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಇದು ಖರೇ ಏನ್ರೀ?" ಎಂದು ಮೆಲ್ಲಗೆ ಕೇಳಿದರು.

ನನಗೆ ಮೈಯೆಲ್ಲ ಉರಿಯಿತು. ಹುಚ್ಚಿಯ ಮಾತನ್ನು ಯಾರೂ ನಂಬುವುದಿಲ್ಲವೆಂದು ನಾನು ನೆಮ್ಮದಿಯಾಗಿದ್ದೆ. ಅವರು ನಂಬಿದರು. ನೀನು ಗುಣವಾಗುತ್ತಿದ್ದೆ, ಅದಕ್ಕೇ — ಹೌದು, ಅದಕ್ಕೇ ನಾನು ನಿಲ್ಲಿಸಿದೆ. ಸೂಜಿ ಮಾಡುವುದಿಲ್ಲವೆಂದು ಓಣಿಯವರ ಮುಂದೆ ಹೇಳಿದ್ದೆಲ್ಲ ನೆಪ.

ಮುಂದಿನ ವಾರ ನೀನು ಸೀರೆ ಉಟ್ಟು ತಯಾರಾಗಿದ್ದಾಗ ನಾನು ಹೇಳಿದೆ: "ಡಾಕ್ಟರಮ್ಮಗ ನೀ ಸಾಕಾಗಿ ಹೋಗೀ. ಇನ್ನ ಬರಬ್ಯಾಡ ಅಂದಾರ."

ನಿನಗೆ ಎಲ್ಲಿ ತಗಲುತ್ತದೆಂದು ಗೊತ್ತಿದ್ದೇ ಹೇಳಿದೆ. ಆ ಸಂಜೆ ಕೊಯ್ದುಕೊಂಡ ಗಾಯದಿಂದ ನಿನ್ನ ಎಡಗೈ ಬೆರಳು ಇಂದಿಗೂ ಮಡಚುವುದಿಲ್ಲ.

ಕೆಲ ದಿನಗಳ ಮೇಲೆ ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಅವರೇ ನನ್ನನ್ನು ಗುರುತಿಸಿದರು. "ಯಾಕ್ರೀ ಸಂಗಮ್ಮ ಬರ್ಲಿಲ್ಲ? ಆಕಿ ಹೊತ್ತಿಗಿ ನಾ ಬ್ಯಾರೆ ಯಾರ್ನೂ ಕರ್ಯಾಂಗಿಲ್ಲ, ಕಾಯ್ತೀನಿ" ಎಂದರು. "ಆರಾಮಾಗ್ಯಾಳ್ರೀ, ಆಕಿನೇ ಒಲ್ಲೆ ಅಂದ್ಳು" ಎಂದು ಅವರಿಗೂ ಸುಳ್ಳು ಹೇಳಿದೆ. ಹೀಗೆ ಇಬ್ಬರಿಗೂ, ಇನ್ನೊಬ್ಬರು ಬಿಟ್ಟುಹೋದರೆಂದು ನಂಬಿಸಿದೆ.

ಮೊನ್ನೆ ದೇವದುರ್ಗದ ನಿನ್ನ ಮನೆಗೆ ಬಂದಿದ್ದಾಗ ನಿನ್ನ ಮಗಳು ಮತ್ತೆ ಡಾಕ್ಟರ ಹತ್ತಿರ ಹೋಗೋಣವೆಂದು ಅತ್ತಳು. ನೀನು, "ಮಾತಾಡೋ ಡಾಕ್ಟರು ಒಬ್ಬಾಕಿ ಇದ್ಳವ್ವ. ಆಕಿಗೂ ನಾ ಸಾಕಾದೆ. ಇನ್ಯಾರ ಮುಂದ ಬಾಯಿ ಬಿಡಲಿ?" ಎಂದೆ. ನಾನು ನಿನ್ನ ಕೈಯ ಚಹಾ ಕುಡಿದು ಎದ್ದು ಬಂದೆ. ಥೂ.

ನಾಳೆ ಬರುತ್ತೇನೆ. ಇದನ್ನೆಲ್ಲ ನಿನ್ನ ಮಗಳ ಎದುರೇ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸು ಎನ್ನುವುದಿಲ್ಲ, ಆ ಮಾತು ಆಡುವ ಯೋಗ್ಯತೆ ನನಗಿಲ್ಲ. ನೀನು ಏನು ಎಸೆದರೂ ಎಸೆ, ನಾನು ಸರಿಯುವುದಿಲ್ಲ. ಆದರೆ ಇಷ್ಟನ್ನು ನಂಬು — ಆ ಡಾಕ್ಟರಮ್ಮ ನಿನಗಾಗಿ ಕಾಯುತ್ತಿದ್ದರು.