ನಿಧಿಯ ಶ್ರುತಿ ಏರಿಸಿದ್ದು ನಾನು

ನಿಧಿ, ಕ್ಯಾಂಟನ್‌ನ ಆ ಯುಗಾದಿ ಕಾರ್ಯಕ್ರಮದಲ್ಲಿ ನಿನ್ನ ದನಿ ಒಡೆದದ್ದು ನಿನ್ನ ತಪ್ಪಿನಿಂದಲ್ಲ. ನಿನ್ನ ಹಾಡಿನ ಟ್ರ್ಯಾಕ್‌ನ ಶ್ರುತಿಯನ್ನು ನಾನು ಏರಿಸಿದ್ದೆ — ಕೈತಪ್ಪಿ ಅಲ್ಲ, ಬೇಕೆಂದೇ. ಇಷ್ಟು ವರ್ಷ ಇದನ್ನು ನಿನಗಾಗಲಿ, ನಿನ್ನ ಅಪ್ಪನಿಗಾಗಲಿ, ನನ್ನ ಹೆಂಡತಿಗಾಗಲಿ ಹೇಳಲಿಲ್ಲ. ಹೇಳದೆ ಇದ್ದುಬಿಡಬಹುದಿತ್ತು. ಇನ್ನು ಆಗುವುದಿಲ್ಲ.

ನಮ್ಮ ಕನ್ನಡ ಕೂಟದ ಹಾಡುಗಾರಿಕೆ ನಿನಗೆ ಗೊತ್ತಿದ್ದದ್ದೇ. ತಬಲಾದವರಿಲ್ಲ, ಕೊಳಲಿನವರಿಲ್ಲ, ವಾದ್ಯಗಳೆಲ್ಲ ಲ್ಯಾಪ್‌ಟಾಪ್‌ನೊಳಗೆ. ಹಾಡುವವರು ತಮ್ಮ ಗಂಟಲಿಗೆ ಒಗ್ಗುವ ಶ್ರುತಿ ಹೇಳುತ್ತಾರೆ, ಸೌಂಡ್ ಅಂಕಲ್ ಟ್ರ್ಯಾಕನ್ನು ಅಷ್ಟಕ್ಕೆ ಏರಿಸಿಯೋ ಇಳಿಸಿಯೋ ಇಟ್ಟಿರುತ್ತಾರೆ. ಆ ಸೌಂಡ್ ಅಂಕಲ್ ನಾನು. ವಾರವೆಲ್ಲ ಕಾರಿನೊಳಗಿನ ಸದ್ದು ಅಡಗಿಸುವ ಎಂಜಿನಿಯರ್, ಹಬ್ಬ ಬಂದರೆ ಮಕ್ಕಳ ಮೈಕ್ ಸರಿಮಾಡುವವನು. ಆ ಸೌಂಡ್ ಬೋರ್ಡನ್ನು ನಾನಲ್ಲದೆ ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಅದರ ಜಂಬವೂ ನನಗಿತ್ತು.

ಆ ಚಳಿಗಾಲದಲ್ಲಿ ನನ್ನ ಕೆಲಸ ಹೋಯಿತು. ಡೆಟ್ರಾಯ್ಟ್‌ನ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಆಗ ಅದೇ ಪಾಡು. ನಿನ್ನ ಅಪ್ಪ ಶ್ರೀಧರನೂ ನಾನೂ ಟ್ರಾಯ್‌ನ ಒಂದೇ ಆಫೀಸಿಗೆ ಒಂದೇ ಕಾರಿನಲ್ಲಿ ಹೋಗಿಬರುತ್ತಿದ್ದವರು. ಅವನನ್ನು ಉಳಿಸಿಕೊಂಡರು, ನನ್ನನ್ನು ಕಳಿಸಿದರು. ಅದರಲ್ಲಿ ಅವನ ಕೈವಾಡ ಏನೂ ಇರಲಿಲ್ಲ. ಅದೇ ನನಗೆ ತಡೆಯಲಾಗದ್ದು — ಬೈಯಲು ಒಂದು ನೆಪವನ್ನಾದರೂ ಕೊಟ್ಟಿದ್ದರೆ! ಅದರ ಬದಲು ನಿನ್ನ ಅಮ್ಮ ಮಾಡಿದ ಬಿಸಿಬೇಳೆಬಾತ್ ತಂದುಕೊಟ್ಟು, ಎಲ್ಲ ಸರಿಹೋಗುತ್ತದೆ ಎಂದು ಬೆನ್ನು ತಟ್ಟಿ ಹೋಗುತ್ತಿದ್ದ. ನಾನು ಹೊಟ್ಟೆ ಉರಿದುಕೊಂಡೇ ಅದನ್ನು ತಿನ್ನುತ್ತಿದ್ದೆ.

ಯುಗಾದಿಗೆ ಒಂದು ಶಾಲೆಯ ಆಡಿಟೋರಿಯಂ ಬಾಡಿಗೆಗೆ ಹಿಡಿದಿದ್ದರು. ನಿನಗೆ ಆಗ ಹದಿನಾರು ಇರಬೇಕು. ನಿನ್ನ ಸರದಿಗೆ ಮುಂಚೆ ಶ್ರೀಧರ ನನ್ನ ಹತ್ತಿರ ಬಂದು, ಮಗಳ ಹಾಡು ಚೆನ್ನಾಗಿ ಕೇಳುವಂತೆ ನೋಡಿಕೋ ಎಂದ. ಹೊಸ ಕ್ಯಾಮೆರಾ ಕೊರಳಿಗೆ ಹಾಕಿಕೊಂಡಿದ್ದ. ಮುಖದ ತುಂಬ ಹೆಮ್ಮೆ. ಇವನಿಗೆ ಎಲ್ಲವೂ ಇದೆಯಲ್ಲ, ಒಂದಾದರೂ ತಪ್ಪಲಿ ಅನ್ನಿಸಿತು. ನಿನ್ನ ಟ್ರ್ಯಾಕನ್ನು ನೀನು ಹೇಳಿದ್ದಕ್ಕಿಂತ ಮೇಲಕ್ಕೆ ಏರಿಸಿಟ್ಟೆ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಪಲ್ಲವಿಯನ್ನು ನೀನು ಹೇಗೋ ನಿಭಾಯಿಸಿದೆ. ಚರಣದಲ್ಲಿ ಹಾಡು ಮೇಲಕ್ಕೆ ಹೋಯಿತು, ದನಿ ಒಡೆಯಿತು. ಮತ್ತೆ ಹಿಡಿಯಲು ನೋಡಿದೆ, ಮತ್ತೆ ಒಡೆಯಿತು. ಹಿಂದಿನ ಸಾಲಿನ ಹುಡುಗರು ನಕ್ಕರು. ನೀನು ನನ್ನ ಕಡೆ ನೋಡಿದೆ — ಅಂಕಲ್ ಏನಾದರೂ ಮಾಡುತ್ತಾರೆ ಅಂತ. ನಾನು ತಲೆ ತಗ್ಗಿಸಿ, ಯಾವುದೋ ವೈರ್ ನೋಡುವವನಂತೆ ಕೂತೆ.

ಊಟದ ಸಾಲಿನಲ್ಲಿ ನೀನೇ ನನ್ನ ಹತ್ತಿರ ಬಂದೆ.

"ಸಾರಿ ಅಂಕಲ್, ನೀವು ಅಷ್ಟು ಕಷ್ಟಪಟ್ಟು ಸೆಟ್ ಮಾಡಿದ್ರಿ. ಐ ಮೆಸ್ಡ್ ಇಟ್ ಅಪ್."

"ಪರವಾಗಿಲ್ಲ ಪುಟ್ಟಿ," ಎಂದೆ ನಾನು. "ಪ್ರಾಕ್ಟೀಸ್ ಸಾಲ್ದು ನಿಂಗೆ."

ಶ್ರುತಿ ಏರಿಸಿದ್ದಕ್ಕಿಂತ ಈ ಮಾತು ಹೆಚ್ಚು ಕೆಟ್ಟದ್ದು. ನೀನು ಅದನ್ನು ನಂಬಿದೆ.

ಆಮೇಲೆ ನೀನು ಕನ್ನಡ ಹಾಡಿನ ಕ್ಲಾಸ್ ಬಿಟ್ಟೆ. ರೂಮಿನ ಬಾಗಿಲು ಹಾಕಿಕೊಂಡು ಗಿಟಾರ್ ಹಿಡಿದೆ ಎಂದು ಶ್ರೀಧರ ಪೆಚ್ಚಾಗಿ ಹೇಳಿದ. ಮುಂದಿನದನ್ನು ಊರೆಲ್ಲ ಬಲ್ಲದು. ಕೌಬಾಯ್ ಬೂಟು ಹಾಕಿಕೊಂಡು ಮಿಷಿಗನ್‌ನ ಹಳ್ಳಿಗಾಡಿನ ಜಾತ್ರೆಗಳಲ್ಲಿ, ಸಣ್ಣಪುಟ್ಟ ಕೌಂಟಿ ಫೇರ್‌ಗಳಲ್ಲಿ ಹಾಡಿದೆ. ಈ ಹುಡುಗಿಗೂ ಕಂಟ್ರಿ ಹಾಡಿಗೂ ಏನು ಸಂಬಂಧ ಎಂದು ಕೈಕಟ್ಟಿ ಕೂತವರು ಹಾಡು ಮುಗಿಯುವಷ್ಟರಲ್ಲಿ ಎದ್ದುನಿಂತಿರುತ್ತಿದ್ದರು. ಕಂಟ್ರಿ ಹಾಡಿನವರ ಊರಾದ ನ್ಯಾಶ್‌ವಿಲ್‌ಗೆ ಹೋಗಿ ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತಿದೆ, ಸಂಜೆ ಬೇರೆಯವರಿಗೆ ಹಾಡು ಬರೆದುಕೊಟ್ಟೆ. ಕೊನೆಗೆ ನಿನ್ನದೇ ದನಿ ರೇಡಿಯೋದಲ್ಲಿ ಬಂತು. ಇವಳು ಪಾಪ್ ಕಡೆ ಹೋದಳು ಎಂದು ಕಂಟ್ರಿಯವರು ಮುಖ ತಿರುಗಿಸಿದರೂ ನೀನು ಸೊಪ್ಪು ಹಾಕಲಿಲ್ಲ. ಎಂಥ ದನಿ ನಿನ್ನದು! ಸಾಲಿನ ತುದಿಯಲ್ಲಿ ಒಂದಿಷ್ಟು ಜಾರಿಸಿ ನಿಲ್ಲಿಸುತ್ತೀಯಲ್ಲ, ಅದು ಕನ್ನಡ ಕ್ಲಾಸಿನಲ್ಲಿ ಕಲಿತ ಗಮಕ. ಡ್ರೈವ್ ಮಾಡುತ್ತಾ ಅದು ಕೇಳಿದರೆ ನಾನು ಮುಂದಿನ ಎಕ್ಸಿಟ್ ತೆಗೆದುಕೊಂಡು ಎಲ್ಲಾದರೂ ಕಾರು ನಿಲ್ಲಿಸುತ್ತೇನೆ.

ಅವತ್ತು ದನಿ ಒಡೆಯದಿದ್ದರೆ ಈ ನಿಧಿ ಎಲ್ಲಿರುತ್ತಿದ್ದಳು ಎಂದು ಕೂಟದವರು ಈಗಲೂ ಹೇಳುತ್ತಾರೆ. ಆ ಸಮಾಧಾನವನ್ನು ನಾನೂ ಬಹಳ ಕಾಲ ಚಪ್ಪರಿಸಿದೆ. ಸುಳ್ಳು ಅದು. ನೀನು ಮೇಲೆ ಬಂದದ್ದು ನಿನ್ನ ಶಕ್ತಿಯಿಂದ.

ಹೋದ ತಿಂಗಳು ಸ್ಕೋಕಿಯಲ್ಲಿ ನಿನ್ನ ಕಾರ್ಯಕ್ರಮಕ್ಕೆ ಶ್ರೀಧರ ನನ್ನನ್ನೂ ಎಳೆದುಕೊಂಡು ಬಂದ. ಕೆಲಸ ಕಳೆದುಕೊಂಡ ಮನುಷ್ಯನೊಬ್ಬ ಬೆಳಗ್ಗೆ ಇಸ್ತ್ರಿ ಶರ್ಟು ತೊಟ್ಟು ಲೈಬ್ರರಿಯ ಪಾರ್ಕಿಂಗ್‌ನಲ್ಲಿ ಕಾರಿನೊಳಗೇ ಕೂತಿರುವ ಹಾಡು, ನಿನ್ನ ಎಲ್ಲ ಹಾಡುಗಳಿಗಿಂತ ಹೆಸರಾದದ್ದು. ಮುಗಿದ ಮೇಲೆ ನೀನು ಬಂದು ನನ್ನನ್ನು ಅಪ್ಪಿಕೊಂಡು ಕಿವಿಯಲ್ಲಿ ಹೇಳಿದೆ:

"ಅದು ನಿಮ್ಮ ಹಾಡು ಅಂಕಲ್. ಸ್ಕೂಲ್ ಬಸ್ಸಿಂದ ನಿಮ್ಮನ್ನ ನೋಡ್ತಿದ್ದೆ. ಯಾರಿಗೂ ಹೇಳಿಲ್ಲ."

ಕೆಲಸ ಹುಡುಕಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ ನಾನು ಅಲ್ಲೇ ಕೂತಿರುತ್ತಿದ್ದೆ. ನಾನು ನಿನ್ನನ್ನು ಬೀಳಿಸಿದ ಆ ದಿನಗಳಲ್ಲೇ ನೀನು ನನ್ನ ಮಾನ ಕಾಪಾಡುತ್ತಿದ್ದೆ. ಅದೇ ರಾತ್ರಿ ನಿನ್ನ ಅಮ್ಮ ಒಂದು ಕನ್ನಡ ಹಾಡು ಹೇಳು ಎಂದಾಗ ನೀನು ನಕ್ಕು, ನನಗೆ ಕನ್ನಡದಲ್ಲಿ ಶ್ರುತಿ ನಿಲ್ಲುವುದಿಲ್ಲ ಎಂದೆ. ನಾನು ಪಕ್ಕದಲ್ಲೇ ಇದ್ದೆ.

ಈ ಶನಿವಾರ ನೀನು ಅಪ್ಪ ಅಮ್ಮನ ಮನೆಗೆ ಬರುತ್ತೀಯಂತೆ. ನಾನೂ ಬರುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ಶ್ರೀಧರನ ಎದುರಿಗೆ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀವು ನನ್ನ ಮುಖ ನೋಡದಿದ್ದರೂ ಸರಿ, ನೀನು ನನ್ನ ಮೇಲಿನ ಆ ಹಾಡನ್ನು ಇನ್ನು ಹಾಡದಿದ್ದರೂ ಸರಿ. ಕನ್ನಡದಲ್ಲಿ ಹಾಡಲು ಬರುವುದಿಲ್ಲ ಅಂತ ಮಾತ್ರ ಇನ್ನು ಯಾರಿಗೂ ಹೇಳಬೇಡ, ಮಗಳೇ. ನಿನಗೆ ಬರುತ್ತಿತ್ತು.