ನಲವತ್ತೊಂದು ಸೆಕೆಂಡು

ಟೆಲಿಫೋನ್ ಇಲಾಖೆಯ ಮೆಕ್ಯಾನಿಕ್ ರಘೋತ್ತಮನಿಗೆ ಬೇಕಾಗಿದ್ದದ್ದು ಒಂದೇ ಒಂದು ನಿಮಿಷ. ಬಡ್ತಿ ಕೇಳಲಿಲ್ಲ, ಸ್ಕೂಟರ್ ಕೇಳಲಿಲ್ಲ. ತಾನು ಕೈಯಾರೆ ಮಾಡಿದ ಪುಟ್ಟ ವಿಮಾನ ಅರವತ್ತು ಸೆಕೆಂಡು ಗಾಳಿಯಲ್ಲಿ ನಿಲ್ಲಬೇಕು, ಬಲ್ಲವರೊಬ್ಬರು ಗಡಿಯಾರ ಹಿಡಿದು ಅದನ್ನು ನೋಡಬೇಕು. ಇದೇನು ದೊಡ್ಡ ಬೇಡಿಕೆಯೇ? ಅದಕ್ಕೂ ಅವನ ಹಣೆಬರಹ ಅಡ್ಡ ಬಂದಿತೆಂದರೆ ಯಾರಿಗೆ ಹೇಳೋಣ.

ವಿಜಾಪುರದ ಕಡೆಯವನು. ನೌಕರಿ ಅವನನ್ನು ನಾಶಿಕಕ್ಕೆ ತಂದು ಹಾಕಿತ್ತು. ಧಾರವಾಡದಲ್ಲಿ ಓದುವಾಗ ಎನ್‌ಸಿಸಿಯಲ್ಲಿ ಹತ್ತಿದ ಈ ಹುಚ್ಚಿಗೆ ಬೇಕಾದ ಒಂದು ಸಾಮಾನೂ ನಾಶಿಕದ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಹೂವಿನಷ್ಟು ಹಗುರಾದ ಬಾಲ್ಸಾ ಕಟ್ಟಿಗೆಯನ್ನು ಕಲಕತ್ತೆಯಿಂದ ಪಾರ್ಸೆಲ್‌ನಲ್ಲಿ ತರಿಸಬೇಕು. ಎರಡು ತಿಂಗಳು ಕಾಯಿಸಿ ಬಂದ ಪೊಟ್ಟಣದೊಳಗೆ ಅರ್ಧ ಪಟ್ಟಿಗಳು ಮುರಿದಿರುತ್ತಿದ್ದವು. ರೆಕ್ಕೆಗೆ ಹೊದಿಸಲು ತೆಳು ಕಾಗದವೆಂದರೆ ಸಂಕ್ರಾಂತಿಯ ಗಾಳಿಪಟದ ಕಾಗದವೇ ಗತಿ. ಜನವರಿಯಲ್ಲಿ ಕೊಂಡಿಡದಿದ್ದರೆ ವರ್ಷವಿಡೀ ಕೈಕಟ್ಟಿ ಕೂಡಬೇಕು. ಎಂಜಿನ್ ಮಾತು ಬಿಡಿ, ರಬ್ಬರ್ ಪಟ್ಟಿಯನ್ನು ನೂರಾರು ಸುತ್ತು ಹುರಿ ಹಾಕಿ ಬಿಟ್ಟರೆ ಅದು ಬಿಚ್ಚಿಕೊಳ್ಳುವಷ್ಟು ಹೊತ್ತು ಪಂಖ ತಿರುಗುತ್ತಿತ್ತು.

ನಾಶಿಕದಲ್ಲಿ ಅವನಿಗೆ ಸಿಕ್ಕ ಒಬ್ಬರೇ ಬಲ್ಲವರು ಅರವಿಂದರಾಯರು. ವಾಯುಪಡೆಯಿಂದ ನಿವೃತ್ತರಾಗಿ ಮಗಳ ಮನೆಯಲ್ಲಿದ್ದ ಧಾರವಾಡದ ಹಿರಿಯರು. ಅವರ ಕಿಸೆಯಲ್ಲಿ ಸದಾ ಒಂದು ಸ್ಟಾಪ್‌ವಾಚ್. "ನಿಮಿಷ ತುಂಬಿದ್ರ ವಿಮಾನ ಅನ್ನಬೇಕು, ರಘೋತ್ತಮ. ಅಲ್ಲೀತನಕ ಆಟಗೀ ಸಾಮಾನು" ಎನ್ನುತ್ತಿದ್ದರು. ಎಂಬತ್ತಾರನೇ ಇಸವಿಯಲ್ಲಿ ಒಂದು ವಿಮಾನ ನಲವತ್ತೊಂದು ಸೆಕೆಂಡು ಹಾರಿ, ಇನ್ನೂ ಹಾರುವ ದಮ್ಮಿದ್ದಾಗಲೇ ದ್ರಾಕ್ಷಿ ತೋಟದ ತಂತಿಗೆ ಬಡಿದು ಚಿಂದಿಯಾಯಿತು. ರಾಯರು ಪುಸ್ತಕದಲ್ಲಿ ನಲವತ್ತೊಂದು ಎಂದು ಬರೆದು ಸಹಿ ಹಾಕಿದರು. ಎರಡು ವರ್ಷಗಳ ಮೇಲೆ ರಘೋತ್ತಮನಿಗೆ ಔರಂಗಾಬಾದಿಗೆ ವರ್ಗವಾಯಿತು. ಮುಂದಿನ ವಿಮಾನದ ಪೆಟ್ಟಿಗೆಯ ಮೇಲೆ ಲಾರಿಯವರು ತಾಮ್ರದ ಹಂಡೆ ಹೇರಿದ್ದರು. ಅದರ ಕಥೆ ಅಲ್ಲಿಗೆ ಮುಗಿಯಿತು.

ಮನೆಯಲ್ಲಾದರೂ ಬೆಲೆಯಿತ್ತೇ? ಹೆಂಡತಿ ವಸುಧಾ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಅಂಟಿನ ಡಬ್ಬಿಗಳನ್ನು ಮಾತ್ರ ಅಡುಗೆಮನೆಯ ಹೊಸ್ತಿಲ ಆಚೆಗೆ ಸರಿಸುತ್ತಿದ್ದಳು. ತಾಯಿ ಸುಗುಣಾಬಾಯಿ ಅನ್ನದೇ ಬಿಡುವವರಲ್ಲ. "ನಲವತ್ತು ವರ್ಷದಾಂವ ಆಟಗೀ ಸಾಮಾನು ಮಾಡಿಕೋತ ಕೂತಾನ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅವರ ಬಾಯಲ್ಲಿ ರಾಮಜಪ ನಿಲ್ಲುತ್ತಿರಲಿಲ್ಲ. ಹಾಲು ಕಾಯುವುದಕ್ಕೂ ಬೇಳೆ ಬೇಯುವುದಕ್ಕೂ ಅವರಿಗೆ ಗಡಿಯಾರವೆಂದರೆ ಅದೇ. ನೂರೆಂಟು ಜಪಕ್ಕೊಮ್ಮೆ ಒಲೆಯ ಕಡೆ ನೋಡುತ್ತಿದ್ದರು.

ತೊಂಬತ್ತೊಂದರ ದಸರೆಗೆ ಹೊಸ ವಿಮಾನ ಸಿದ್ಧವಾಯಿತು. ಏಳು ತಿಂಗಳ ಕೆಲಸ. ತೂಕ ಉಳಿಸುವ ದುರಾಸೆಗೆ ಕಾಗದಕ್ಕೆ ವಾರ್ನಿಶ್ ಕೂಡ ಹಚ್ಚಿರಲಿಲ್ಲ. ರಾಯರು ಹುಬ್ಬಳ್ಳಿಯ ಮಗನ ಮನೆಗೆ ಕಾಯಂ ಆಗಿ ಹೊರಟವರು, ಅದಕ್ಕೆ ಮೊದಲು ಔರಂಗಾಬಾದಿನ ನೆಂಟರಲ್ಲಿ ತಂಗಿದ್ದರು. ವಿಜಯದಶಮಿಯ ಬೆಳಿಗ್ಗೆ ಏಳಕ್ಕೆ ಮೈದಾನಕ್ಕೆ ಬರುವುದು, ಒಂಬತ್ತಕ್ಕೆ ಅವರ ಬಸ್ಸು. ಇಂಥ ಅವಕಾಶ ಇನ್ನು ಸಿಗುವುದಿಲ್ಲವೆಂದು ರಘೋತ್ತಮನಿಗೆ ಗೊತ್ತಿತ್ತು.

ಹಿಂದಿನ ದಿನ ಖಂಡೇನವಮಿ, ಆಯುಧಪೂಜೆ. ಸಂಜೆ ಡ್ಯೂಟಿ ಮುಗಿಸಿ ಬಂದವನು ದೇವರ ಮನೆಯ ಮುಂದೆ ಕಂಬದಂತೆ ನಿಂತ. ಈಳಿಗೆ, ಕತ್ತರಿ, ಅವನ ಸ್ಕ್ರೂಡ್ರೈವರುಗಳ ಸಾಲಿನಲ್ಲಿ ವಿಮಾನ ಕೂತಿತ್ತು. ಮೂತಿಗೆ ಗಂಧ, ಬೆನ್ನಿಗೆ ಚೆಂಡು ಹೂವು, ಎಡ ರೆಕ್ಕೆಯ ತುಂಬ ತೀರ್ಥದ ಹನಿ.

"ಅವ್ವಾ, ನೀರ್ಯಾಕ ಹೊಡದಿ ಇದಕ್ಕ?"

"ಪ್ರೋಕ್ಷಣಾ ಮಾಡದ ಪೂಜಾ ಹೆಂಗಾಗ್ತದೋ? ಏಳು ತಿಂಗಳು ನೋಡೀನಿ ನಿನ್ನ ದುಡಿತ. ಇದೂ ನಿನ್ನ ಆಯುಧನ ಅಲ್ಲೇನು?"

ಹತ್ತು ವರ್ಷ ಆಟಗೀ ಸಾಮಾನು ಎಂದ ಬಾಯಿ ಮೊದಲ ಸಲ ಆಯುಧ ಎಂದಿತ್ತು, ಅದೂ ಈ ದಿನವೇ. ಆ ಬರೀ ಕಾಗದ ನೀರು ಬಿದ್ದು ಒಣಗಿದರೆ ಬಿಗಿಯಾಗುತ್ತದೆ; ಹಲಗೆಗೆ ಗುಂಡುಸೂಜಿ ಚುಚ್ಚಿ ಒಣಗಿಸದಿದ್ದರೆ ರೆಕ್ಕೆಯನ್ನೇ ತಿರುಚಿಬಿಡುತ್ತದೆ. ಈಗಲೇ ಎತ್ತಿ ಹಲಗೆಗೆ ಬಿಗಿದರೆ ಉಳಿಯುತ್ತಿತ್ತು. ಆದರೆ ಪೂಜೆಗೆ ಇಟ್ಟ ಆಯುಧವನ್ನು ದಶಮಿಯ ಮರುಪೂಜೆಯವರೆಗೆ ಮುಟ್ಟುವಂತಿಲ್ಲ.

"ನಾಳೆ ಮುಂಜಾನೆ ತಗೋ. ಎಲ್ಲಿ ಓಡಿ ಹೋಗ್ತದ?" ಎಂದರು ತಾಯಿ.

ಬೆಳಿಗ್ಗೆ ಮಡಿ, ಮರುಪೂಜೆ ಮುಗಿಯುವಷ್ಟರಲ್ಲಿ ಏಳೂವರೆ. ಎಡ ರೆಕ್ಕೆ ಒಣ ಹಪ್ಪಳದಂತೆ ಸೊಟ್ಟಗಾಗಿತ್ತು. ಮೈದಾನದಲ್ಲಿ ರಾಯರು ಆಗಲೇ ಅರ್ಧ ತಾಸು ಕಾದಿದ್ದರು.

"ಹಾರೂದಿಲ್ರಿ ಸರ್ ಇದು. ಎಡಕ್ಕ ಹೊರಳಿ ನೆಲಕ್ಕ ಬೀಳ್ತದ."

"ಬಿಟ್ಟರ ನೋಡ್ರಿ ಒಮ್ಮೆ. ನಾ ವಾಚ್ ಹಿಡೀತೀನಿ."

"ಬ್ಯಾಡ್ರಿ. ನಿಮ್ಮ ಪುಸ್ತಕದಾಗ ಕಡೀಕ ನಾಕು ಸೆಕೆಂಡು ಅಂತ ಬರಸಿಕೊಳ್ಳೂದಿಲ್ಲ ನಾ."

ರಾಯರು ಇನ್ನೊಮ್ಮೆ ಹೇಳಿದರು, ಮತ್ತೊಮ್ಮೆ ಹೇಳಿದರು. ಇವನ ಸಿಟ್ಟು ಇಳಿಯಲಿಲ್ಲ. ಕೊನೆಗೆ ಅವರು ಸ್ಟಾಪ್‌ವಾಚನ್ನು ಕಿಸೆಗಿಟ್ಟು, ಅವನ ಬೆನ್ನು ತಟ್ಟಿ ಬಸ್‌ಸ್ಟ್ಯಾಂಡಿಗೆ ಹೊರಟರು.

ಮನೆಗೆ ಬಂದು ವಿಮಾನವನ್ನು ಕಪಾಟಿನ ಮೇಲೆ ಒಗೆಯುವುದರಲ್ಲಿದ್ದ. ತಾಯಿ ಅಡ್ಡ ಬಂದರು. ಪೂಜೆ ಮಾಡಿದ ಆಯುಧವನ್ನು ದಶಮಿಯ ದಿನ ಒಮ್ಮೆಯಾದರೂ ಬಳಸಬೇಕು, ಕತ್ತರಿಯಿಂದ ತಾವು ಬತ್ತಿ ಕತ್ತರಿಸಲಿಲ್ಲವೇ, ಇದನ್ನೂ ಹಾರಿಸಲೇಬೇಕು ಎಂದು ಹಟ ಹಿಡಿದು ಚಪ್ಪಲಿ ಮೆಟ್ಟಿ ತಾವೇ ಮುಂದಾದರು. ಮೈದಾನ ಮುಟ್ಟಿದಾಗ ಹನ್ನೊಂದರ ಬಿಸಿಲು. ಗೊಣಗುತ್ತಲೇ ರಘೋತ್ತಮ ರಬ್ಬರಿಗೆ ಹುರಿ ಹಾಕಿದ, ಮುರಿದರೆ ಪೀಡೆ ತೊಲಗಲಿ ಎಂದುಕೊಂಡು ಬಿಟ್ಟ.

ವಿಮಾನ ಎಡಕ್ಕೆ ಹೊರಳಿತು. ಬೀಳಲಿಲ್ಲ. ಸೊಟ್ಟ ರೆಕ್ಕೆಯ ಮೇಲೆ ವಾಲಿಕೊಂಡೇ ಒಂದು ಸುತ್ತು ಹಾಕಿತು, ಇನ್ನೊಂದು ಹಾಕಿತು. ಕಾದ ನೆಲದಿಂದ ಏಳುವ ಬಿಸಿಗಾಳಿ ಅದನ್ನು ಎತ್ತಿಕೊಂಡಿತು. ನೆಟ್ಟಗಿನ ರೆಕ್ಕೆಯಾಗಿದ್ದರೆ ಆ ಗಾಳಿಯನ್ನು ದಾಟಿ ಹೋಗಿಬಿಡುತ್ತಿತ್ತು. ಇದು ಅಲ್ಲೇ ಗಿರಕಿ ಹೊಡೆಯುತ್ತ ಮೇಲೆ ಮೇಲೆ ಹೋಯಿತು. ಪಂಖ ನಿಂತ ಮೇಲೂ ಏರುತ್ತಿತ್ತು. ಕೈಗಡಿಯಾರ ನೋಡುವ ಬುದ್ಧಿ ಅವನಿಗೆ ಬಂದದ್ದು ಅದು ಊರಾಚೆಯ ವಾಳೂಜ್ ಕಡೆಯ ಆಕಾಶದಲ್ಲಿ ಚುಕ್ಕೆಯಾದಾಗ. ಬಿಟ್ಟದ್ದು ಎಷ್ಟು ಹೊತ್ತಿಗೆಂದು ಯಾರಿಗೆ ಗೊತ್ತು? ನೋಡುತ್ತಿದ್ದಂತೆ ಆ ಚುಕ್ಕೆಯೂ ಹೋಯಿತು.

"ನೂರಾ ಎಂಟು ಆತು ನೋಡು" ಎಂದರು ಸುಗುಣಾಬಾಯಿ, ಬೆರಳ ಗೆಣ್ಣುಗಳನ್ನು ತೋರಿಸುತ್ತ. "ನೀ ಬಿಟ್ಟಾಗಿಂದ ಎಣಿಸೇ ಎಣಿಸೀನಿ. ನೂರಾ ಎಂಟಾದ ಮ್ಯಾಲೂ ಕಾಣ್ತಿತ್ತು."

ಮನೆಗೆ ಬಂದವನೇ ತಾಯಿಯನ್ನು ಕೂಡಿಸಿ, ಕೈಗಡಿಯಾರ ಹಿಡಿದು ನೂರೆಂಟು ಜಪ ಮಾಡಿಸಿದ. ಐವತ್ತೆರಡು ಸೆಕೆಂಡು. ಮತ್ತೆ ಮಾಡಿಸಿದ, ಎಪ್ಪತ್ತನಾಲ್ಕು. ಮೂರನೆಯ ಸಲ ಐವತ್ತೆಂಟು. "ಮೈದಾನದಾಗ ಹೆಂಗ ಅಂದ್ಯೋ ಹಂಗ ಅನ್ನು ಅವ್ವಾ" ಎಂದು ಅಂಗಲಾಚಿದ. "ಅಲ್ಲಿ ಹೆಂಗ ಅಂದ್ನೋ ನನಗೇನು ಗೊತ್ತಪಾ, ಜೀವ ಎಲ್ಲಾ ಮ್ಯಾಲಿತ್ತು" ಎಂದರು ತಾಯಿ. ಸಿಟ್ಟಿಗೆ ಅವನು ಊಟ ಬಿಟ್ಟ.

ವಿಮಾನ ಸಿಗಲಿಲ್ಲ. ಇನ್ನೊಂದನ್ನು ಅವನು ಕಟ್ಟಲೂ ಇಲ್ಲ.

ತೊಂಬತ್ತೆಂಟರಲ್ಲಿ ಊರಿನ ಕಾರ್ಖಾನೆಯವರ ಮಕ್ಕಳು ಸೇರಿ ಒಂದು ಕ್ಲಬ್ ಮಾಡಿದರು. ಎಲ್ಲ ಮುಂಬಯಿಯಿಂದ ತಂದ ಸಿದ್ಧ ವಿಮಾನಗಳು. ಪೆಟ್ಟಿಗೆ ಬಿಚ್ಚಿ ರಿಮೋಟ್ ಒತ್ತಿದರೆ ಎಂಟು ನಿಮಿಷ ಹಾರುತ್ತಿದ್ದವು, ಯಾರೂ ಗಡಿಯಾರ ನೋಡುತ್ತಿರಲಿಲ್ಲ. ರಘೋತ್ತಮ ಕೂದಲು ನರೆತ ತಲೆ ಹೊತ್ತು ಸದಸ್ಯನಾಗಲು ಹೋದ. ಅರ್ಜಿಯಲ್ಲಿ ಎರಡು ಸಾಲು ಇದ್ದವು: ಅತಿ ಹೆಚ್ಚು ಹಾರಿದ ಹೊತ್ತು, ನೋಡಿದವರ ಹೆಸರು. ಸುಗುಣಾಬಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಪೆನ್ನು ಬಹಳ ಹೊತ್ತು ಕಾಗದದ ಮೇಲೆ ನಿಂತಿತು.

ನಲವತ್ತೊಂದು ಸೆಕೆಂಡು, ಅರವಿಂದರಾವ್ ಎಂದು ಬರೆದ.

"ಕಾಕಾ, ಬಸ್ ಏವಢಂಚ್?" ಇಷ್ಟೇನಾ ಎಂದು ಮರಾಠಿಯಲ್ಲಿ ಕೇಳಿದ ಅರ್ಜಿ ತೆಗೆದುಕೊಂಡವನು.

ರಘೋತ್ತಮ ಹೊರಗೆ ಬಂದು ಸೈಕಲ್ಲಿಗೆ ಆತುಕೊಂಡು, ಕೈಗಡಿಯಾರದ ಮುಳ್ಳಿನ ಮೇಲೆ ಕಣ್ಣಿಟ್ಟು, ಬೆರಳ ಗೆಣ್ಣು ಎಣಿಸುತ್ತ ರಾಮ ರಾಮ ಎನ್ನತೊಡಗಿದ. ನೂರೆಂಟು ಮುಗಿಯಿತು, ಮತ್ತೆ ಮೊದಲಿನಿಂದ ಅಂದ. ಒಂದು ಸಲವೂ ಅದು ಅವ್ವ ಅಂದಂತೆ ಬರಲಿಲ್ಲ.